ಹವ್ಯಾಸಿಗಳ ಪಿಸ್ತೂಲು ಗುರಿ ಸ್ಪರ್ಧೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಲಬ್ಬಿನ ರೇಂಜಿನಲ್ಲಿ ಕೆಲವು ತಿಂಗಳು ಅಭ್ಯಾಸ ಮಾಡಿ, ಇನ್ನು ಸ್ಪರ್ಧೆಯೊಂದರಲ್ಲಿ ಭಾಗವಹಿಸಬೇಕು ಎಂದುಕೊಂಡಿರುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಇಲ್ಲಿನ ಅಳತೆಗಳು, ಕಾಲಮಿತಿಗಳು ಮತ್ತು ದಂಡದ ನಿಯಮಗಳು ಐಎಸ್‌ಎಸ್‌ಎಫ್ ಎಂದು ಕರೆಯಲಾಗುವ ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟದವು. ಅನೇಕ ಕ್ಲಬ್ಬುಗಳು ಇವನ್ನೇ ಸ್ವಲ್ಪ ಸಡಿಲಿಸಿಕೊಂಡು ಸ್ಪರ್ಧೆ ನಡೆಸುತ್ತವೆ. ನಿಮ್ಮ ಸ್ಪರ್ಧೆಯ ಪ್ರಕಟಣೆಯಲ್ಲಿ ಬೇರೆ ರೀತಿ ಇದ್ದರೆ ಅದೇ ಅಂತಿಮ. ಪಿಸ್ತೂಲನ್ನು ಇಟ್ಟುಕೊಳ್ಳುವ ಮತ್ತು ಸಾಗಿಸುವ ಕಾನೂನು ದೇಶದಿಂದ ದೇಶಕ್ಕೆ ಬೇರೆಯಾಗುವುದರಿಂದ, ಪರವಾನಗಿಯ ವಿಷಯವನ್ನು ನಿಮ್ಮ ಕ್ಲಬ್ಬಿನ ಮೂಲಕವೇ ಖಚಿತಪಡಿಸಿಕೊಳ್ಳಬೇಕು.

ಸ್ಪರ್ಧೆಗೆ ಇಳಿಯುವಷ್ಟು ಸಿದ್ಧತೆ ನನಗಿದೆಯೇ ಎಂದು ತಿಳಿಯುವುದು ಹೇಗೆ?

ಅಂಕಗಳನ್ನು ನೋಡಿ ಇದನ್ನು ತೀರ್ಮಾನಿಸಬೇಡಿ. ಯಾರ ಎಚ್ಚರಿಕೆಯೂ ಇಲ್ಲದೆ ಪಿಸ್ತೂಲನ್ನು ಸುರಕ್ಷಿತವಾಗಿ ಹೊರತೆಗೆದು, ತುಂಬಿಸಿ, ಖಾಲಿ ಮಾಡಿ, ಮತ್ತೆ ಪೆಟ್ಟಿಗೆಗೆ ಇಡಲು ನಿಮಗೆ ಬರುತ್ತದೆಯೇ? ರೇಂಜ್ ಆಫೀಸರ್ ಕೊಡುವ ಆದೇಶಗಳು ಅರ್ಥವಾಗುತ್ತವೆಯೇ? ಒಂದೇ ಬಾರಿಗೆ 60 ಹೊಡೆತಗಳನ್ನು ಪೂರೈಸುವಷ್ಟು ಶಕ್ತಿ ತೋಳಿಗೂ ಬೆನ್ನಿಗೂ ಇದೆಯೇ? ಈ ಮೂರಕ್ಕೂ ಉತ್ತರ ಹೌದು ಎಂದಾದರೆ ಹೆಸರು ನೋಂದಾಯಿಸಿ. ಅಂಕ ಇಷ್ಟಕ್ಕೆ ಏರಿದ ಮೇಲೆ ಹೋಗುತ್ತೇನೆ ಎಂದು ಮುಂದೂಡುತ್ತಾ ಹೋದವರು ವರ್ಷಗಟ್ಟಲೆ ಅಭ್ಯಾಸದಲ್ಲೇ ಉಳಿದುಬಿಡುವುದುಂಟು. ಗಡಿಯಾರ ಓಡುತ್ತಿರುವಾಗ, ಹೊಡೆದ ಪ್ರತಿಯೊಂದು ಗುಂಡೂ ಲೆಕ್ಕಕ್ಕೆ ಸೇರುವಾಗ ಮನಸ್ಸು ಹೇಗಿರುತ್ತದೆ ಎಂಬುದನ್ನು ಸ್ಪರ್ಧೆಯ ಹೊರಗೆ ಕಲಿಯಲು ಸಾಧ್ಯವಿಲ್ಲ.

ಯಾವ ವಿಭಾಗದಿಂದ ಆರಂಭಿಸುವುದು ಒಳ್ಳೆಯದು?

ಆಯ್ಕೆಯ ಅವಕಾಶವಿದ್ದರೆ 10 ಮೀಟರ್ ಏರ್ ಪಿಸ್ತೂಲಿನಿಂದ ಆರಂಭಿಸಿ. 1988ರಿಂದ ಒಲಿಂಪಿಕ್ಸ್‌ನಲ್ಲಿರುವ ಈ ವಿಭಾಗದಲ್ಲಿ ಗಾಳಿಯ ಒತ್ತಡದಿಂದ ಹಾರುವ 4.5 ಮಿ.ಮೀ. ವ್ಯಾಸದ ಪೆಲೆಟ್ (ಸೀಸದ ಸಣ್ಣ ಗುಂಡು) ಬಳಸಲಾಗುತ್ತದೆ. ಸದ್ದು ಕಡಿಮೆ, ಹಿನ್ನೊದೆತ ಇಲ್ಲವೆನ್ನುವಷ್ಟು ಅಲ್ಪ, ಖರ್ಚೂ ಮಿತ. ಇದರಿಂದಾಗುವ ದೊಡ್ಡ ಪ್ರಯೋಜನವೆಂದರೆ, ನಿಮ್ಮ ತಪ್ಪು ಎಲ್ಲಿದೆ ಎಂಬುದು ಮರೆಯಾಗುವುದಿಲ್ಲ. ಸದ್ದಿಗೆ ಬೆಚ್ಚುವ ಅಭ್ಯಾಸವು ಬೇರೂರುವ ಮುನ್ನವೇ ಟ್ರಿಗರ್ ಎಳೆಯುವ ಕ್ರಮ ಕೈಗೆ ಹತ್ತುತ್ತದೆ.

25 ಮೀಟರ್ ಪಿಸ್ತೂಲಿನಲ್ಲಿ 5.6 ಮಿ.ಮೀ. ವ್ಯಾಸದ, ಅಂದರೆ ಪಾಯಿಂಟ್ 22 ಲಾಂಗ್ ರೈಫಲ್ ಗುಂಡು ಬಳಸಬೇಕಾಗುತ್ತದೆ. ಅದರ ಎರಡನೇ ಹಂತ ವೇಗದ್ದು. 50 ಮೀಟರ್ ಪಿಸ್ತೂಲು 2016ರ ನಂತರ ಒಲಿಂಪಿಕ್ಸ್‌ನಿಂದ ಹೊರಬಿದ್ದಿದ್ದರೂ, ಕ್ಲಬ್ ಮಟ್ಟದಲ್ಲಿ ಅದನ್ನು ಪ್ರೀತಿಯಿಂದ ಉಳಿಸಿಕೊಂಡವರಿದ್ದಾರೆ. ಈ ಎಲ್ಲ ವಿಭಾಗಗಳಲ್ಲೂ ಪಿಸ್ತೂಲನ್ನು ಒಂದೇ ಕೈಯಲ್ಲಿ, ಯಾವ ಆಸರೆಯೂ ಇಲ್ಲದೆ, ನಿಂತುಕೊಂಡೇ ಹಿಡಿಯಬೇಕು. ಎರಡೂ ಕೈಗಳಿಂದ ಹಿಡಿದು ಓಡಾಡುತ್ತಾ ಹೊಡೆಯುವ ಪ್ರಾಯೋಗಿಕ ಶೂಟಿಂಗ್ ಬೇರೆಯೇ ಕ್ರೀಡೆಯಾಗಿದ್ದು, ಅದರ ನಿಯಮಗಳ ಪ್ರಸ್ತಾಪ ಇಲ್ಲಿಲ್ಲ.

ಸ್ವಂತ ಪಿಸ್ತೂಲು ಇರಲೇಬೇಕೇ?

ಬೇಡ. ಕ್ಲಬ್ಬಿನ ಪಿಸ್ತೂಲಿನಿಂದಲೂ ಸ್ಪರ್ಧಿಸಬಹುದು. ಆದರೆ ಸ್ಪರ್ಧೆಯ ದಿನ ಕೈಗೆ ಸಿಗುವುದು ನೀವು ಅಭ್ಯಾಸ ಮಾಡಿದ ಅದೇ ಪಿಸ್ತೂಲು ಎಂಬುದನ್ನು ಮುಂಚೆಯೇ ಮಾತನಾಡಿಕೊಂಡಿರಿ. ಕೊಳ್ಳುವ ಯೋಚನೆಯಿದ್ದರೆ ಹಿಡಿಯ ಅಳತೆಗೆ ಎಲ್ಲಕ್ಕಿಂತ ಮೊದಲ ಸ್ಥಾನ ಕೊಡಿ. ಕಣ್ಣು ಮುಚ್ಚಿಕೊಂಡು ತೋಳೆತ್ತಿ, ಬಳಿಕ ಕಣ್ಣು ತೆರೆದಾಗ ಮುಂದಿನ ಸೈಟ್ (ನಳಿಗೆಯ ತುದಿಯಲ್ಲಿರುವ ಗುರಿಗುರುತು) ತಾನಾಗಿಯೇ ಹಿಂದಿನ ಸೈಟಿನ ಕಚ್ಚಿನ ಮಧ್ಯದಲ್ಲಿ ನಿಂತಿದ್ದರೆ ಆ ಹಿಡಿ ನಿಮಗೆ ಹೊಂದುತ್ತದೆ. ಪ್ರತಿ ಸಲವೂ ಮಣಿಕಟ್ಟನ್ನು ತಿರುಚಿ ಸರಿಪಡಿಸಿಕೊಳ್ಳಬೇಕಾಗಿ ಬಂದರೆ, ಪಿಸ್ತೂಲು ಎಷ್ಟೇ ದುಬಾರಿಯದಾದರೂ ನಲವತ್ತನೇ ಹೊಡೆತದ ಹೊತ್ತಿಗೆ ಅದು ನಿಮ್ಮನ್ನು ದಣಿಸುತ್ತದೆ.

ಉಪಕರಣ ತಪಾಸಣೆಯಲ್ಲಿ ಏನೇನು ನೋಡುತ್ತಾರೆ?

ಏರ್ ಪಿಸ್ತೂಲಿನ ತೂಕ 1,500 ಗ್ರಾಂ ಮೀರಬಾರದು, ಟ್ರಿಗರ್ ಕನಿಷ್ಠ 500 ಗ್ರಾಂ ಭಾರವನ್ನು ತಡೆದುಕೊಳ್ಳಬೇಕು ಮತ್ತು ಇಡೀ ಪಿಸ್ತೂಲು 420 ಮಿ.ಮೀ. ಉದ್ದ, 200 ಮಿ.ಮೀ. ಎತ್ತರ, 50 ಮಿ.ಮೀ. ಅಗಲದ ಪೆಟ್ಟಿಗೆಯೊಳಗೆ ಹಿಡಿಸಬೇಕು. 25 ಮೀಟರ್ ಪಿಸ್ತೂಲಿಗೆ ಈ ಮಿತಿಗಳು ಕ್ರಮವಾಗಿ 1,400 ಗ್ರಾಂ, 1,000 ಗ್ರಾಂ ಹಾಗೂ 300 × 150 × 50 ಮಿ.ಮೀ. ಆಗಿವೆ. ಟ್ರಿಗರ್ ಪರೀಕ್ಷೆಯಲ್ಲಿ ನಳಿಗೆಯನ್ನು ಲಂಬವಾಗಿ ಹಿಡಿದು, ಟ್ರಿಗರಿಗೆ ತೂಕವನ್ನು ಸಿಕ್ಕಿಸಿ ನಿಧಾನವಾಗಿ ಮೇಲೆತ್ತುತ್ತಾರೆ. ತೂಕ ನೆಲ ಬಿಟ್ಟು ಮೇಲೇಳುವವರೆಗೂ ಟ್ರಿಗರ್ ಬಿಡಬಾರದು. ಇದಕ್ಕೆ ಮೂರು ಅವಕಾಶಗಳಿರುತ್ತವೆ. ಸರಿಯಾಗಿ 500 ಗ್ರಾಮಿಗೇ ಹೊಂದಿಸಿಕೊಂಡು ಬಂದವರು ಇಲ್ಲಿ ಎಡವುತ್ತಾರೆ. ಹತ್ತಿಪ್ಪತ್ತು ಗ್ರಾಂ ಹೆಚ್ಚಿಗೆ ಇಟ್ಟುಕೊಳ್ಳುವುದು ಜಾಣತನ.

ಹಿಡಿಯ ಯಾವ ಭಾಗವೂ ಮಣಿಕಟ್ಟಿಗೆ ಆಸರೆ ಕೊಡುವಂತಿರಬಾರದು. ಶೂಟ್ ಮಾಡುವ ಕೈಯಲ್ಲಿ ಗಡಿಯಾರ, ಬಳೆ, ಪಟ್ಟಿಗಳನ್ನು ಧರಿಸುವಂತಿಲ್ಲ. ಗಾಳಿಯ ಸಿಲಿಂಡರಿನ ಮೇಲೆ ಮುದ್ರಿಸಿರುವ ಅವಧಿ ಮುಗಿದಿಲ್ಲವೆಂದು ನೋಡಿಕೊಳ್ಳುವ ಹೊಣೆ ನಿಮ್ಮದೇ. ಅವಧಿ ಮೀರಿದ ಸಿಲಿಂಡರ್ ಅಪಾಯಕಾರಿ ವಸ್ತು, ಆದ್ದರಿಂದ ಸ್ಪರ್ಧೆ ಇರಲಿ ಇಲ್ಲದಿರಲಿ ಅದನ್ನು ಬಳಸಬೇಡಿ.

ಬಟ್ಟೆ, ಶೂ, ಕನ್ನಡಕಗಳ ವಿಷಯದಲ್ಲಿ ನಿಯಮವಿದೆಯೇ?

ರೈಫಲ್ ಶೂಟರುಗಳಂತೆ ಗಡುಸಾದ ಜಾಕೆಟ್ಟು ಪಿಸ್ತೂಲಿನವರಿಗಿಲ್ಲ. ಶೂ ಕಾಲಿನ ಕೀಲನ್ನು ಮುಚ್ಚಬಾರದು. ಅಡಿಭಾಗ ಚಪ್ಪಟೆಯಾಗಿದ್ದರೆ ನಿಲುವು ಸ್ಥಿರವಾಗಿರುತ್ತದೆ. ಗುರಿ ನೋಡದ ಕಣ್ಣನ್ನು ಮುಚ್ಚಿ ಹಿಡಿಯುವ ಬದಲು ಅದರ ಮುಂದೆ 30 ಮಿ.ಮೀ. ಅಗಲ ಮೀರದ ಮರೆಯೊಂದನ್ನು ಕಟ್ಟಿಕೊಳ್ಳಲು ಅವಕಾಶವಿದೆ. ಅದನ್ನು ಬಳಸುವುದೇ ಉತ್ತಮ, ಏಕೆಂದರೆ ಒಂದು ಕಣ್ಣನ್ನು ಗಂಟೆಗೂ ಮಿಕ್ಕಿ ಬಿಗಿಯಾಗಿ ಮುಚ್ಚಿದರೆ ಮುಖದ ಸ್ನಾಯುಗಳೆಲ್ಲ ಬಿಗಿದು ಇನ್ನೊಂದು ಕಣ್ಣೂ ದಣಿಯುತ್ತದೆ. ಕಣ್ಣಿಗೂ ಕಿವಿಗೂ ರಕ್ಷಣೆ ಧರಿಸಿರಿ. ಗುಂಡಿನ ಪಿಸ್ತೂಲಿನ ರೇಂಜಿನಲ್ಲಿ ಅವಿಲ್ಲದೆ ಒಳಗೆ ಕಾಲಿಡಬೇಡಿ.

ಸುರಕ್ಷತೆಯ ನಿಯಮಗಳಲ್ಲಿ ಹೊಸಬರು ಎಡವುವುದು ಎಲ್ಲಿ?

ಮೂಲ ನಿಯಮಗಳು ಎಲ್ಲರಿಗೂ ಬಾಯಿಪಾಠವಾಗಿರುತ್ತವೆ: ಪ್ರತಿಯೊಂದು ಪಿಸ್ತೂಲೂ ತುಂಬಿದೆ ಎಂದೇ ಭಾವಿಸಬೇಕು, ನಳಿಗೆ ಸದಾ ಟಾರ್ಗೆಟ್ಟಿನ ದಿಕ್ಕಿನಲ್ಲಿರಬೇಕು, ಹೊಡೆಯುವ ನಿರ್ಧಾರವಾಗುವವರೆಗೆ ಬೆರಳು ಟ್ರಿಗರಿನ ಹೊರಗಿರಬೇಕು, ಗುರಿಯ ಹಿಂದೇನಿದೆ ಎಂಬುದು ಗೊತ್ತಿರಬೇಕು. ತಪ್ಪು ನಡೆಯುವುದು ಹೊಡೆಯುವಾಗಲ್ಲ, ಗಮನ ಬೇರೆಡೆ ಹರಿದಾಗ. ಪಕ್ಕದವರು ಮಾತನಾಡಿಸಿದರೆಂದು ಪಿಸ್ತೂಲು ಹಿಡಿದುಕೊಂಡೇ ದೇಹ ತಿರುಗಿಸುವುದು, ಪೆಲೆಟ್ ಸಿಕ್ಕಿಕೊಂಡಿತೆಂದು ನಳಿಗೆಯನ್ನು ಪಕ್ಕಕ್ಕೆ ವಾಲಿಸಿ ಇಣುಕುವುದು, ಪೆಟ್ಟಿಗೆಯಿಂದ ತೆಗೆಯುವಾಗ ನಳಿಗೆ ಯಾವ ಕಡೆಗಿದೆ ಎಂದು ನೋಡದಿರುವುದು ಇಂಥ ಸಂದರ್ಭಗಳು.

ಪೆಟ್ಟಿಗೆಯನ್ನು ಫೈರಿಂಗ್ ಲೈನಿನಲ್ಲೇ, ಅನುಮತಿ ಸಿಕ್ಕ ಮೇಲೆಯೇ, ನಳಿಗೆ ಟಾರ್ಗೆಟ್ಟಿನ ಕಡೆಗೆ ಬರುವಂತಿಟ್ಟು ತೆರೆಯಿರಿ. ಪಿಸ್ತೂಲು ಖಾಲಿಯಿದೆ ಎಂದು ತೋರಿಸಲು ಕಿತ್ತಳೆಯಂಥ ಎದ್ದುಕಾಣುವ ಬಣ್ಣದ ಸೇಫ್ಟಿ ಫ್ಲ್ಯಾಗ್ ಇರಲೇಬೇಕು. ಏರ್ ಪಿಸ್ತೂಲಿನಲ್ಲಿ ಅದು ನಳಿಗೆಯ ಪೂರ್ಣ ಉದ್ದಕ್ಕೆ ಹಾದು ತುದಿಯಿಂದ ಹೊರಗೆ ಕಾಣಿಸಬೇಕು. ಯಾರಾದರೂ ಫೈರಿಂಗ್ ಲೈನಿನ ಮುಂದೆ ಹೋಗಿದ್ದಾರೆಂದರೆ, ಖಾಲಿಯಿದ್ದರೂ ಸರಿ, ಪಿಸ್ತೂಲನ್ನು ಮುಟ್ಟುವಂತಿಲ್ಲ. ಅಪಾಯ ಕಂಡರೆ "ಸ್ಟಾಪ್" ಎಂದು ಕೂಗುವ ಅಧಿಕಾರ ಮೊದಲ ಸ್ಪರ್ಧೆಗೆ ಬಂದವರಿಗೂ ಇದೆ, ಅದನ್ನು ಬಳಸಲು ಸಂಕೋಚಪಡಬೇಡಿ.

ಸ್ಪರ್ಧೆ ಯಾವ ಕ್ರಮದಲ್ಲಿ ನಡೆಯುತ್ತದೆ?

ಸ್ಪರ್ಧಾಳುಗಳನ್ನು ಫೈರಿಂಗ್ ಲೈನಿಗೆ ಕರೆದು, ಸಾಮಾನು ಹೊಂದಿಸಿಕೊಳ್ಳಲು ಸಮಯ ಕೊಡುತ್ತಾರೆ. ನಂತರ 15 ನಿಮಿಷಗಳ ತಯಾರಿ ಮತ್ತು ಸೈಟಿಂಗ್ (ಗುರಿ ಸರಿಹೊಂದಿಸಿಕೊಳ್ಳುವ) ಅವಧಿ ಆರಂಭವಾಗುತ್ತದೆ. ಈ ಅವಧಿಯಲ್ಲಿ ಎಷ್ಟು ಬೇಕಾದರೂ ಸೈಟಿಂಗ್ ಶಾಟ್ ಹೊಡೆಯಬಹುದು, ಅವು ಅಂಕಕ್ಕೆ ಸೇರುವುದಿಲ್ಲ. ಕೊನೆಯ 30 ಸೆಕೆಂಡುಗಳ ಸೂಚನೆ ಬರುತ್ತದೆ, ಬಳಿಕ "ಸ್ಟಾಪ್". ಟಾರ್ಗೆಟ್ಟುಗಳನ್ನು ಸ್ಪರ್ಧೆಯ ಸ್ಥಿತಿಗೆ ಬದಲಾಯಿಸಿ "ಸ್ಟಾರ್ಟ್" ಎಂದ ಮೇಲೆ ಹೊಡೆಯುವ ಪ್ರತಿ ಗುಂಡೂ ಲೆಕ್ಕಕ್ಕೆ ಬರುತ್ತದೆ. ಏರ್ ಪಿಸ್ತೂಲಿನಲ್ಲಿ 60 ಹೊಡೆತಗಳಿಗೆ ಎಲೆಕ್ಟ್ರಾನಿಕ್ ಟಾರ್ಗೆಟ್ ಇದ್ದರೆ 75 ನಿಮಿಷ, ಕಾಗದದ ಟಾರ್ಗೆಟ್ ಇದ್ದರೆ 90 ನಿಮಿಷ. 2018ಕ್ಕೆ ಮುಂಚೆ ಮಹಿಳೆಯರಿಗೆ 40 ಹೊಡೆತಗಳಿದ್ದವು. ಈಗ ಇಬ್ಬರಿಗೂ ಸಮ. ಹೊಸಬರಿಗೆಂದೇ 20 ಅಥವಾ 40 ಹೊಡೆತಗಳ ಸ್ಪರ್ಧೆ ಏರ್ಪಡಿಸುವ ಕ್ಲಬ್ಬುಗಳಿದ್ದರೆ ಮೊದಲು ಅಲ್ಲಿಗೆ ಹೋಗುವುದು ಒಳ್ಳೆಯದು.

"ಸ್ಟಾರ್ಟ್" ಎನ್ನುವ ಮುಂಚೆಯೋ "ಸ್ಟಾಪ್" ಎಂದ ಮೇಲೋ ಹೊಡೆದರೆ ದಂಡ ತಪ್ಪುವುದಿಲ್ಲ. ಹಳದಿ ಕಾರ್ಡು ಎಚ್ಚರಿಕೆ, ಹಸಿರು ಕಾರ್ಡು ಅಂಕ ಕಡಿತ, ಕೆಂಪು ಕಾರ್ಡು ಅನರ್ಹತೆಯ ಸೂಚನೆ.

75 ನಿಮಿಷಗಳನ್ನು ಹೇಗೆ ಬಳಸಿಕೊಳ್ಳಬೇಕು?

ಲೆಕ್ಕ ಹಾಕಿದರೆ ಪ್ರತಿ ಹೊಡೆತಕ್ಕೆ 75 ಸೆಕೆಂಡು ಸಿಗುತ್ತದೆ. ತೋಳೆತ್ತಿ, ಗುರಿ ಹಿಡಿದು, ಹೊಡೆಯಲು ಬೇಕಾಗುವುದು ಇದರ ಅಲ್ಪ ಪಾಲು ಮಾತ್ರ. ಆದ್ದರಿಂದ ಸಮಯ ಸಾಲದು ಎಂಬ ಭಯಕ್ಕೆ ಆಧಾರವಿಲ್ಲ. ಮೊದಲ ಸ್ಪರ್ಧೆಯಲ್ಲಿ ಬಹುಪಾಲು ಜನರು 40 ನಿಮಿಷ ತುಂಬುವ ಮೊದಲೇ ಎಲ್ಲವನ್ನೂ ಹೊಡೆದು ಮುಗಿಸಿ ಸುಮ್ಮನೆ ನಿಂತಿರುತ್ತಾರೆ. ಎದೆ ಬಡಿತ ಏರಿದಾಗ ಗಡಿಬಿಡಿಯೇ ಸಹಜ ವೇಗವೆಂದು ತೋರುತ್ತದೆ ಎಂಬುದೇ ಇದಕ್ಕೆ ಕಾರಣ.

ಹತ್ತು ಹೊಡೆತಗಳಿಗೊಮ್ಮೆ ಪಿಸ್ತೂಲನ್ನು ಕೆಳಗಿಟ್ಟು, ಕುರ್ಚಿಯಿದ್ದರೆ ಕುಳಿತು, ಒಂದು ಗುಟುಕು ನೀರು ಕುಡಿದು, ದೂರದ ವಸ್ತುವೊಂದನ್ನು ನೋಡಿ ಕಣ್ಣಿಗೆ ವಿಶ್ರಾಂತಿ ಕೊಡಿ. ಅದಕ್ಕಿಂತಲೂ ಮುಖ್ಯವಾದ ಅಭ್ಯಾಸ ಇನ್ನೊಂದಿದೆ. ತೋಳೆತ್ತಿ ಗುರಿ ಹಿಡಿದ ಮೇಲೆ ಎಂಟು ಹತ್ತು ಸೆಕೆಂಡುಗಳಲ್ಲಿ ಹೊಡೆತ ಬಿಡುಗಡೆಯಾಗದಿದ್ದರೆ ಪಿಸ್ತೂಲನ್ನು ಇಳಿಸಿಬಿಡಿ. ಅಲ್ಲಿಂದಾಚೆಗೆ ಉಸಿರು ಸಾಲದೆ ಕಣ್ಣಿನ ಸ್ಪಷ್ಟತೆ ಕುಗ್ಗುತ್ತದೆ, ತೋಳಿನ ಕಂಪನ ಹೆಚ್ಚುತ್ತದೆ, ಆದರೂ "ಇಷ್ಟು ಹೊತ್ತು ಹಿಡಿದೆನಲ್ಲ, ಹೊಡೆದೇಬಿಡೋಣ" ಎಂಬ ಆಸೆ ಬಲವಾಗುತ್ತದೆ. ಇಳಿಸುವುದಕ್ಕೆ ಒಂದು ಅಂಕವೂ ಖರ್ಚಾಗುವುದಿಲ್ಲ. ಅನುಭವಿಗಳು ಒಂದೇ ಹೊಡೆತಕ್ಕಾಗಿ ಮೂರು ನಾಲ್ಕು ಸಲ ತೋಳಿಳಿಸುವುದನ್ನು ಯಾವ ಸ್ಪರ್ಧೆಯಲ್ಲಾದರೂ ಕಾಣಬಹುದು. ಅವರನ್ನು ಹೊಸಬರಿಂದ ಬೇರ್ಪಡಿಸುವ ಗುಣಗಳಲ್ಲಿ ಇದೇ ಮುಖ್ಯವೆಂದು ನನ್ನ ದೃಢ ಅಭಿಪ್ರಾಯ.

ಕಣ್ಣು ಎಲ್ಲಿರಬೇಕು: ಟಾರ್ಗೆಟ್ಟಿನ ಮೇಲೋ, ಸೈಟಿನ ಮೇಲೋ?

ಮುಂದಿನ ಸೈಟಿನ ಮೇಲೆ. ಹಿಂದಿನ ಸೈಟ್, ಮುಂದಿನ ಸೈಟ್ ಮತ್ತು ಟಾರ್ಗೆಟ್ ಮೂರೂ ಬೇರೆ ಬೇರೆ ದೂರದಲ್ಲಿರುವುದರಿಂದ ಕಣ್ಣು ಒಂದು ಸಲಕ್ಕೆ ಒಂದನ್ನೇ ಸ್ಪಷ್ಟವಾಗಿ ಕಾಣಬಲ್ಲದು. ಏಕೆ ಮುಂದಿನ ಸೈಟ್ ಎಂಬುದಕ್ಕೆ ಲೆಕ್ಕವೇ ಉತ್ತರ ಕೊಡುತ್ತದೆ. ಎರಡು ಸೈಟುಗಳ ನಡುವೆ 32 ಸೆಂ.ಮೀ. ಅಂತರವಿದೆ ಎಂದುಕೊಳ್ಳೋಣ. ಮುಂದಿನ ಸೈಟ್ ಕಚ್ಚಿನ ಮಧ್ಯದಿಂದ ಕೇವಲ 1 ಮಿ.ಮೀ. ಸರಿದರೆ 10 ಮೀಟರ್ ದೂರದಲ್ಲಿ ಪೆಲೆಟ್ ಸುಮಾರು 31 ಮಿ.ಮೀ. ಆಚೆಗೆ ಬೀಳುತ್ತದೆ. ಹತ್ತು ಆಗಬೇಕಿದ್ದ ಹೊಡೆತ ಏಳಕ್ಕೆ ಇಳಿಯುತ್ತದೆ. ಅದೇ, ಸೈಟುಗಳೆರಡೂ ಸರಿಯಾಗಿ ಹೊಂದಿಕೊಂಡಿದ್ದು ಇಡೀ ಕೈಯೇ 5 ಮಿ.ಮೀ. ಪಕ್ಕಕ್ಕೆ ತೇಲಿದ್ದರೆ ಪೆಲೆಟ್ ಕೂಡ 5 ಮಿ.ಮೀ. ಮಾತ್ರ ಸರಿಯುತ್ತದೆ, ಹತ್ತರ ವೃತ್ತದ ವ್ಯಾಸ 11.5 ಮಿ.ಮೀ. ಇರುವುದರಿಂದ ಆಗಲೂ ಹತ್ತೇ ಸಿಗುತ್ತದೆ.

ಆದ್ದರಿಂದ ಕಪ್ಪು ವೃತ್ತ ಮಸುಕಾಗಿ ಕಾಣಲಿ, ಮುಂದಿನ ಸೈಟಿನ ಅಂಚು ಹರಿತವಾಗಿ ಕಾಣಲಿ, ಅದರ ಎರಡೂ ಬದಿಯ ಬೆಳಕಿನ ಗೆರೆಗಳು ಸಮನಾಗಿರಲಿ. ಅನೇಕರು ಕಪ್ಪು ವೃತ್ತದ ನಡುವನ್ನೇ ಗುರಿಯಿಡುವ ಬದಲು ಅದರ ಕೆಳಗೆ ಒಂದಿಷ್ಟು ಬಿಳಿ ಜಾಗ ಬಿಟ್ಟು ಅಲ್ಲಿ ಗುರಿ ಹಿಡಿಯುತ್ತಾರೆ. ಕಪ್ಪು ಸೈಟ್ ಕಪ್ಪು ವೃತ್ತದಲ್ಲಿ ಕರಗಿಹೋಗದೆ ಬಿಳಿಯ ಮೇಲೆ ಸ್ಪಷ್ಟವಾಗಿ ಕಾಣುತ್ತದೆ ಎಂಬುದು ಇದರ ಅನುಕೂಲ. ಸ್ಪರ್ಧೆಯ ಒತ್ತಡದಲ್ಲಿ ಕಣ್ಣು ತನಗರಿವಿಲ್ಲದೆ ಟಾರ್ಗೆಟ್ಟಿಗೆ ಜಿಗಿಯುತ್ತದೆ. ಅಂಕಗಳು ಇದ್ದಕ್ಕಿದ್ದಂತೆ ಚೆದುರತೊಡಗಿದಾಗ ಮೊದಲು ಇದನ್ನೇ ಅನುಮಾನಿಸಿ.

ನನ್ನ ಕೈ ನಡುಗುತ್ತದೆ. ಇದನ್ನು ನಿಲ್ಲಿಸುವುದು ಹೇಗೆ?

ಪೂರ್ತಿಯಾಗಿ ನಿಲ್ಲಿಸಲಾಗದು. ವಿಶ್ವದ ಅಗ್ರ ಶೂಟರುಗಳ ಕೈಯೂ ಅಲುಗುತ್ತದೆ, ಅಲುಗುವ ವಲಯ ಚಿಕ್ಕದಿರುತ್ತದೆ ಅಷ್ಟೆ. ಮೇಲಿನ ಲೆಕ್ಕದ ಸಮಾಧಾನವೂ ಇಲ್ಲಿಯೇ ಇದೆ: ಸೈಟುಗಳು ಹೊಂದಿಕೊಂಡಿರುವಷ್ಟು ಕಾಲ ತೋಳಿನ ತೇಲಾಟ ಮಾಡುವ ಹಾನಿ ಸಣ್ಣದು. ಹಾನಿ ಮಾಡುವುದು ಆ ತೇಲಾಟದೊಡನೆ ಹೋರಾಡಿ, ಸೈಟ್ ಮಧ್ಯಕ್ಕೆ ಬಂದ ಕ್ಷಣವನ್ನು ಹಿಡಿಯಲು ಟ್ರಿಗರನ್ನು ಜಗ್ಗುವುದು.

ಟ್ರಿಗರಿನ ಮೇಲಿನ ಒತ್ತಡ ನಿಧಾನವಾಗಿ, ಎಲ್ಲಿಯೂ ನಿಲ್ಲದೆ, ನೇರವಾಗಿ ಹಿಂದಕ್ಕೆ ಏರುತ್ತಾ ಹೋಗಬೇಕು. ಬೆರಳು ಮಾತ್ರ ಚಲಿಸಬೇಕು, ಅಂಗೈ ಹಿಂಡಬಾರದು. ಬಲಗೈಯವರ ಹೊಡೆತಗಳು ಮತ್ತೆ ಮತ್ತೆ ಕೆಳಗೆ ಎಡಕ್ಕೆ ಬೀಳುತ್ತಿದ್ದರೆ ಬಹುಮಟ್ಟಿಗೆ ಇದೇ ಕಾರಣ. ಹೊಡೆತ ಬಿಡುಗಡೆಯಾದ ಮೇಲೂ ಒಂದೆರಡು ಸೆಕೆಂಡು ಹಾಗೆಯೇ ಸೈಟನ್ನು ನೋಡುತ್ತಿರಿ. ಪೆಲೆಟ್ ನಳಿಗೆಯಿಂದ ಹೊರಬೀಳಲು ಕೆಲವೇ ಮಿಲಿಸೆಕೆಂಡು ಸಾಕು, ಆದರೆ "ಮುಗಿಯಿತು" ಎಂದು ತೋಳು ಸಡಿಲಿಸುವ ಅಭ್ಯಾಸ ಬೆಳೆದರೆ ಅದು ಹೊಡೆತಕ್ಕಿಂತ ಮುಂಚೆಯೇ ಶುರುವಾಗಿಬಿಡುತ್ತದೆ.

ಸೈಟಿಂಗ್ ಅವಧಿಯಲ್ಲಿ ಸೈಟನ್ನು ಯಾವಾಗ ತಿರುಗಿಸಬೇಕು?

ಒಂದೇ ಹೊಡೆತ ನೋಡಿ ತಿರುಗಿಸಬೇಡಿ. ಐದು ಒಳ್ಳೆಯ ಹೊಡೆತಗಳನ್ನು ಹೊಡೆದು ಅವೆಲ್ಲ ಎಲ್ಲಿ ಗುಂಪಾಗಿವೆ ನೋಡಿ, ಆ ಗುಂಪಿನ ಮಧ್ಯಬಿಂದುವನ್ನು ಹತ್ತಕ್ಕೆ ತನ್ನಿ. ಹಿಂದಿನ ಸೈಟನ್ನು ಯಾವ ದಿಕ್ಕಿಗೆ ಸರಿಸುತ್ತೀರೋ ಹೊಡೆತವೂ ಅದೇ ದಿಕ್ಕಿಗೆ ಸರಿಯುತ್ತದೆ. ತಿರುಪಿನ ಮೇಲಿನ ಗುರುತುಗಳ ಅರ್ಥ ತಯಾರಕರಿಂದ ತಯಾರಕರಿಗೆ ಬದಲಾಗುವುದರಿಂದ, ಅದನ್ನು ಕೈಪಿಡಿಯಲ್ಲಿ ಓದಿ ಅಭ್ಯಾಸದಲ್ಲಿ ಪರೀಕ್ಷಿಸಿಕೊಂಡಿರಬೇಕು. ಹೊಸ ರೇಂಜಿನ ಬೆಳಕು ಬೇರೆಯಾಗಿದ್ದರೆ ಗುಂಪು ತುಸು ಮೇಲೆ ಕೆಳಗೆ ಆಗುವುದು ಸಾಮಾನ್ಯ. ಅದಕ್ಕಾಗಿ ಒಂದೆರಡು ಕ್ಲಿಕ್ ತಿರುಗಿಸಲು ಹಿಂಜರಿಯಬೇಡಿ.

ಒಂದು ಹೊಡೆತ ತೀರಾ ಕೆಟ್ಟರೆ ಸ್ಪರ್ಧೆ ಕೈತಪ್ಪಿದಂತೆಯೇ?

ಖಂಡಿತ ಇಲ್ಲ. 2016ರ ರಿಯೊ ಒಲಿಂಪಿಕ್ಸ್‌ನ 50 ಮೀಟರ್ ಪಿಸ್ತೂಲ್ ಫೈನಲ್‌ನಲ್ಲಿ ದಕ್ಷಿಣ ಕೊರಿಯಾದ ಜಿನ್ ಜಾಂಗ್-ಓ ನಡುವೆ 6.6ರ ಹೊಡೆತವೊಂದನ್ನು ಹೊಡೆದರು. ಒಂದೊಂದು ದಶಾಂಶಕ್ಕೂ ಬೆಲೆಯಿರುವ, ಕಡಿಮೆ ಅಂಕದವರನ್ನು ಒಬ್ಬೊಬ್ಬರಾಗಿ ಹೊರಗೆ ಕಳುಹಿಸುವ ಫೈನಲ್‌ನಲ್ಲಿ ಇದು ಭಾರಿ ಹಿನ್ನಡೆ. ಅವರು ಅಲ್ಲಿಂದ ಚೇತರಿಸಿಕೊಂಡು ಚಿನ್ನವನ್ನೇ ಗೆದ್ದರು. 2008 ಮತ್ತು 2012ರ ನಂತರ ಅದೇ ವಿಭಾಗದಲ್ಲಿ ಅದು ಅವರ ಸತತ ಮೂರನೇ ಚಿನ್ನ.

ಕೆಟ್ಟ ಹೊಡೆತದ ನಂತರ ಮಾಡಬೇಕಾದದ್ದು ಸರಳ. ಪಿಸ್ತೂಲನ್ನು ಕೆಳಗಿಡಿ. ಕಾರಣ ತಿಳಿದಿದ್ದರೆ ಅದನ್ನು ಒಂದು ವಾಕ್ಯದಲ್ಲಿ ಮನಸ್ಸಿನೊಳಗೆ ಹೇಳಿಕೊಳ್ಳಿ: "ಉಸಿರು ಮೀರಿ ಹಿಡಿದೆ", "ಸೈಟ್ ಬಿಟ್ಟು ಟಾರ್ಗೆಟ್ ನೋಡಿದೆ". ತಿಳಿಯದಿದ್ದರೆ ಹುಡುಕುತ್ತಾ ಕೂರಬೇಡಿ. ಒಂದೆರಡು ಸಲ ಡ್ರೈ ಫೈರಿಂಗ್ (ಗುಂಡು ಹಾರಿಸದೆ ಟ್ರಿಗರ್ ಎಳೆಯುವ ಅಭ್ಯಾಸ) ಮಾಡಿ, ಎಂದಿನ ಕ್ರಮದಲ್ಲೇ ಮುಂದಿನ ಹೊಡೆತಕ್ಕೆ ಹೋಗಿ. ಹೋದ ಅಂಕವನ್ನು ಮುಂದಿನ ಹೊಡೆತದಲ್ಲಿ ಮರಳಿ ಪಡೆಯಲು ಬರುವುದಿಲ್ಲ, ಏಕೆಂದರೆ ಅರ್ಹತಾ ಸುತ್ತಿನಲ್ಲಿ ಹತ್ತಕ್ಕಿಂತ ಹೆಚ್ಚು ಯಾರಿಗೂ ಸಿಗದು. ಈ ಸರಳ ಸಂಗತಿಯನ್ನು ಮರೆತು ಅತಿಯಾದ ಎಚ್ಚರದಿಂದ ಹೊಡೆದಾಗಲೇ ಎರಡನೆಯ ಕೆಟ್ಟ ಹೊಡೆತ ಬರುವುದು.

ಡ್ರೈ ಫೈರಿಂಗ್ ಮಾಡುವಾಗ ಒಂದು ಎಚ್ಚರ ಬೇಕು. ಏರ್ ಪಿಸ್ತೂಲಿನಲ್ಲಿ ಗಾಳಿ ಬಿಡುಗಡೆಯಾಗದಂತೆ ಟ್ರಿಗರ್ ಮಾತ್ರ ಕೆಲಸ ಮಾಡುವ ವ್ಯವಸ್ಥೆಯನ್ನೇ ಬಳಸಬೇಕು. ಸ್ಪರ್ಧೆ ಶುರುವಾದ ಮೇಲೆ ಪೆಲೆಟ್ ಇಲ್ಲದೆ ಗಾಳಿ ಹೊರಬಿದ್ದರೆ ಅದನ್ನು ಸೊನ್ನೆಯೆಂದು ಎಣಿಸಲಾಗುತ್ತದೆ.

ಪಿಸ್ತೂಲು ನಡುವೆ ಕೈಕೊಟ್ಟರೆ?

ನಳಿಗೆಯನ್ನು ಟಾರ್ಗೆಟ್ಟಿನ ಕಡೆಗೇ ಇಟ್ಟುಕೊಂಡು, ಇನ್ನೊಂದು ಕೈಯನ್ನು ಮೇಲೆತ್ತಿ ರೇಂಜ್ ಆಫೀಸರನ್ನು ಕರೆಯಿರಿ. ಅವರು ಬರುವ ಮುಂಚೆ ನೀವೇ ಬಿಚ್ಚಲು ಹೋಗಬೇಡಿ. 10 ಮೀಟರಿನಲ್ಲಿ ಪಿಸ್ತೂಲನ್ನು ದುರಸ್ತಿ ಮಾಡಿಸಿಕೊಳ್ಳಬಹುದು ಅಥವಾ ಅನುಮತಿ ಪಡೆದು ಇನ್ನೊಂದನ್ನು ತೆಗೆದುಕೊಳ್ಳಬಹುದು, ಆದರೆ ನಿಮ್ಮ ಪಿಸ್ತೂಲಿನ ದೋಷಕ್ಕಾಗಿ ಹೆಚ್ಚುವರಿ ಸಮಯ ನಿರೀಕ್ಷಿಸಬೇಡಿ. ಟೋಕಿಯೊ ಒಲಿಂಪಿಕ್ಸ್‌ನ 10 ಮೀಟರ್ ಏರ್ ಪಿಸ್ತೂಲ್ ಅರ್ಹತಾ ಸುತ್ತಿನಲ್ಲಿ ಮನು ಭಾಕರ್ ಅವರ ಪಿಸ್ತೂಲು ಕೆಟ್ಟು ಅಮೂಲ್ಯ ನಿಮಿಷಗಳು ಕಳೆದುಹೋದವು. 575 ಅಂಕಗಳೊಡನೆ ಅವರು ಫೈನಲ್‌ನಿಂದ ಹೊರಗುಳಿದರು. ಅದೇ ವಿಭಾಗದಲ್ಲಿ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅವರು ಕಂಚು ಗೆದ್ದದ್ದು ಎಲ್ಲರಿಗೂ ತಿಳಿದಿದೆ.

25 ಮೀಟರಿನಲ್ಲಿ ದೋಷವನ್ನು ಎರಡು ಬಗೆಯಾಗಿ ವಿಂಗಡಿಸುತ್ತಾರೆ. ಪಿನ್ ಬಡಿದ ಗುರುತಿದ್ದೂ ಗುಂಡು ಹಾರದಿರುವುದು ಮಾನ್ಯವಾದ ದೋಷ. ತುಂಬಿಸಲು ಮರೆತದ್ದು, ಸೇಫ್ಟಿ ತೆಗೆಯದೆ ಉಳಿದದ್ದು ಮಾನ್ಯವಲ್ಲ. ಸದ್ದು ಎಂದಿಗಿಂತ ಸಣ್ಣದಾಗಿ ಕೇಳಿ ಟಾರ್ಗೆಟ್ಟಿನಲ್ಲಿ ತೂತು ಕಾಣದಿದ್ದರೆ ಗುಂಡು ನಳಿಗೆಯೊಳಗೇ ಸಿಕ್ಕಿಕೊಂಡಿರಬಹುದು. ಆಗ ಮತ್ತೊಂದು ಗುಂಡು ಹೊಡೆಯುವುದು ಬಹಳ ಅಪಾಯ, ತಕ್ಷಣ ನಿಲ್ಲಿಸಿ.

ತಪ್ಪಿ ಪಕ್ಕದವರ ಟಾರ್ಗೆಟ್ಟಿಗೆ ಹೊಡೆದರೆ ಏನಾಗುತ್ತದೆ?

ಆ ಹೊಡೆತ ನಿಮಗೆ ಸೊನ್ನೆ. ಸೈಟಿಂಗ್ ಶಾಟನ್ನು ಪಕ್ಕದವರ ಸ್ಪರ್ಧಾ ಟಾರ್ಗೆಟ್ಟಿಗೆ ಹೊಡೆದರೆ ಎರಡು ಅಂಕ ಕಡಿತವಾಗುತ್ತದೆ. ನಿಮ್ಮ ಟಾರ್ಗೆಟ್ಟಿನ ಮೇಲೆ ನೀವು ಹೊಡೆಯದ ತೂತು ಕಂಡರೆ ಕೂಡಲೇ ಅಧಿಕಾರಿಗೆ ತಿಳಿಸಿ. ತೋಳೆತ್ತುವ ಮುನ್ನ ಟಾರ್ಗೆಟ್ಟಿನ ಮೇಲಿರುವ ಸಂಖ್ಯೆಯನ್ನು ಪ್ರತಿ ಸಲವೂ ಓದಿಕೊಳ್ಳುವುದನ್ನು ರೂಢಿ ಮಾಡಿಕೊಂಡರೆ ಈ ತಪ್ಪು ಆಗುವುದಿಲ್ಲ.

ಅಂಕ ಎಣಿಸುವುದು ಹೇಗೆ? ಸಮ ಬಂದರೆ?

ತೂತಿನ ಅಂಚು ಒಳಗಿನ ವೃತ್ತದ ಗೆರೆಯನ್ನು ತಾಕಿದರೂ ಹೆಚ್ಚಿನ ಅಂಕವೇ ಸಿಗುತ್ತದೆ. ಕಾಗದದ ಟಾರ್ಗೆಟ್ಟಿನಲ್ಲಿ ಅನುಮಾನ ಬಂದರೆ ತೂತಿಗೆ ಗೇಜ್ ತೂರಿಸಿ ತೀರ್ಮಾನಿಸುತ್ತಾರೆ. ಆ ಟಾರ್ಗೆಟ್ಟನ್ನು ಅಧಿಕಾರಿಗಿಂತ ಮುಂಚೆ ನೀವು ಮುಟ್ಟಿದರೆ ತಕರಾರಿನ ಹಕ್ಕನ್ನು ಕಳೆದುಕೊಂಡಂತೆ ಎಂದೇ ತಿಳಿಯಿರಿ. ಅರ್ಹತಾ ಸುತ್ತಿನಲ್ಲಿ ಪಿಸ್ತೂಲಿಗೆ ಪೂರ್ಣಾಂಕಗಳು ಮಾತ್ರ, ಗರಿಷ್ಠ 600. ಏರ್ ಪಿಸ್ತೂಲಿನ ಫೈನಲ್‌ನಲ್ಲಿ 10.9ರವರೆಗೆ ದಶಾಂಶದಲ್ಲಿ ಎಣಿಸುತ್ತಾರೆ. ಒಟ್ಟು ಅಂಕ ಸಮವಾದರೆ ಹತ್ತರೊಳಗಿನ 5 ಮಿ.ಮೀ. ವೃತ್ತಕ್ಕೆ ಬಿದ್ದ ಇನ್ನರ್ ಟೆನ್‌ಗಳ ಸಂಖ್ಯೆ ನೋಡಿ, ಅದೂ ಸಮವಾದರೆ ಕೊನೆಯ ಹತ್ತು ಹೊಡೆತಗಳ ಸರಣಿಯಿಂದ ಹಿಂದಕ್ಕೆ ಹೋಲಿಸುತ್ತಾರೆ.

25 ಮೀಟರಿನ ವೇಗದ ಹಂತಕ್ಕೆ ಹೇಗೆ ತಯಾರಾಗಬೇಕು?

ಮೊದಲ 30 ಹೊಡೆತಗಳು ನಿಖರತೆಯ ಹಂತ, ಐದು ಹೊಡೆತಗಳಿಗೆ ಐದು ನಿಮಿಷ. ಮುಂದಿನ 30 ವೇಗದ ಹಂತ: ಟಾರ್ಗೆಟ್ 3 ಸೆಕೆಂಡು ಎದುರಾಗುತ್ತದೆ, 7 ಸೆಕೆಂಡು ಮರೆಯಾಗುತ್ತದೆ, ಪ್ರತಿ ಸಲಕ್ಕೆ ಒಂದೇ ಹೊಡೆತ. ಟಾರ್ಗೆಟ್ ಎದುರಾಗುವವರೆಗೂ ತೋಳು ಲಂಬದಿಂದ 45 ಡಿಗ್ರಿಗಿಂತ ಮೇಲಿರಬಾರದು. ಮೂರು ಸೆಕೆಂಡು ಕಡಿಮೆಯೆಂದು ತೋರಿದರೂ, ಹತ್ತರ ವೃತ್ತ ಇಲ್ಲಿ 100 ಮಿ.ಮೀ. ಅಗಲವಿದ್ದು ನಿಖರತೆಯ ಟಾರ್ಗೆಟ್ಟಿನದಕ್ಕಿಂತ ಎರಡರಷ್ಟಿದೆ. ತೋಳನ್ನು ಬೇಗನೆ ಎತ್ತಿ ಕೊನೆಯಲ್ಲಿ ನಿಧಾನಿಸಿರಿ. ಟ್ರಿಗರಿನ ಮೊದಲ ಒತ್ತಡವನ್ನು ತೋಳು ಏರುತ್ತಿರುವಾಗಲೇ ತೆಗೆದುಕೊಳ್ಳಿ. ಸೈಟ್ ನೆಲೆಗೊಂಡ ಮೇಲೆ ಟ್ರಿಗರ್ ಆರಂಭಿಸುವವರಿಗೆ ಸಮಯ ಸಾಲುವುದಿಲ್ಲ.

ಹೆದರಿಕೆ ತಗ್ಗಿಸಲು ಮಾತ್ರೆ ತೆಗೆದುಕೊಳ್ಳಬಹುದೇ?

ಬೇಡ. ಎದೆ ಬಡಿತವನ್ನು ನಿಧಾನಿಸುವ ಬೀಟಾ ಬ್ಲಾಕರ್ ಔಷಧಗಳನ್ನು ಶೂಟಿಂಗ್ ಕ್ರೀಡೆಯಲ್ಲಿ ಸ್ಪರ್ಧೆಯ ಸಮಯದಲ್ಲೂ ಹೊರಗೂ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ನಿಷೇಧಿಸಿದೆ. ರಕ್ತದೊತ್ತಡಕ್ಕೋ ಹೃದಯದ ತೊಂದರೆಗೋ ವೈದ್ಯರು ಅದನ್ನು ಬರೆದುಕೊಟ್ಟಿದ್ದರೆ ನೀವಾಗಿಯೇ ನಿಲ್ಲಿಸುವ ಸಾಹಸ ಮಾಡದೆ, ವೈದ್ಯರೊಡನೆಯೂ ಸಂಘಟಕರೊಡನೆಯೂ ಮುಂಚಿತವಾಗಿ ಮಾತನಾಡಿ.

ನನ್ನ ವಯಸ್ಸು ಹೆಚ್ಚು, ಅಥವಾ ನಾನು ಎಡಗೈಯವನು. ಇದು ಅಡ್ಡಿಯೇ?

ಎಡಗೈಯವರಿಗೆ ಬೇರೆ ಹಿಡಿ ಬೇಕು, ಅಷ್ಟೇ ವ್ಯತ್ಯಾಸ. ಹಂಗೇರಿಯ ಕಾರೊಲಿ ಟಾಕಾಚ್ ಅವರ ಬಲಗೈ 1938ರಲ್ಲಿ ಗ್ರೆನೇಡ್ ಸಿಡಿದು ಛಿದ್ರವಾಯಿತು. ಅವರು ಎಡಗೈಯಲ್ಲಿ ಶೂಟಿಂಗ್ ಕಲಿತು 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ ರ‍್ಯಾಪಿಡ್ ಫೈರ್ ಪಿಸ್ತೂಲಿನ ಚಿನ್ನ ಗೆದ್ದರು. ವಯಸ್ಸಾದಂತೆ ಮುಂದಿನ ಸೈಟ್ ಮಸುಕಾಗುವುದು ಸಹಜ. ಕಣ್ಣಿನ ವೈದ್ಯರಿಗೆ ನಿಮ್ಮ ಕಣ್ಣಿನಿಂದ ಮುಂದಿನ ಸೈಟಿಗಿರುವ ದೂರವನ್ನು ಅಳೆದು ಹೇಳಿದರೆ ಅದಕ್ಕೆ ತಕ್ಕ ಗಾಜು ಕೊಡುತ್ತಾರೆ.

ಸ್ಪರ್ಧೆಯ ನಡುವೆ ಕೋಚ್ ಸಲಹೆ ಕೊಡಬಹುದೇ?

ನೀವು ಫೈರಿಂಗ್ ಲೈನಿನಲ್ಲಿರುವಾಗ ಮಾತಿನ ಸಲಹೆ ನಿಷಿದ್ಧ. ಮಾತನಾಡಲೇಬೇಕಿದ್ದರೆ ಪಿಸ್ತೂಲನ್ನು ಖಾಲಿ ಮಾಡಿ, ಫ್ಲ್ಯಾಗ್ ಹಾಕಿ, ಅನುಮತಿ ಪಡೆದು ಹಿಂದಕ್ಕೆ ಹೋಗಬಹುದು, ಗಡಿಯಾರ ನಿಲ್ಲುವುದಿಲ್ಲ. ಮೊಬೈಲ್ ಪೆಟ್ಟಿಗೆಯೊಳಗಿರಲಿ.

ಸ್ಪರ್ಧೆ ಮುಗಿದ ಮೇಲೆ ಮಾಡಬೇಕಾದದ್ದೇನು?

"ಸ್ಟಾಪ್, ಅನ್‌ಲೋಡ್" ಎಂದ ಮೇಲೆ ಖಾಲಿ ಮಾಡಿ, ಫ್ಲ್ಯಾಗ್ ಹಾಕಿ, ಅಧಿಕಾರಿ ಪರೀಕ್ಷಿಸುವವರೆಗೆ ಪಿಸ್ತೂಲನ್ನು ಪೆಟ್ಟಿಗೆಗೆ ಇಡದೆ ಕಾಯಿರಿ. ಪೆಲೆಟ್ ಮತ್ತು ಗುಂಡುಗಳಲ್ಲಿ ಸೀಸವಿರುವುದರಿಂದ ಏನನ್ನಾದರೂ ತಿನ್ನುವ ಮೊದಲು ತಣ್ಣೀರು ಮತ್ತು ಸೋಪಿನಿಂದ ಕೈ ತೊಳೆಯಿರಿ. ಅಂಕಪಟ್ಟಿ ಪ್ರಕಟವಾದ ಕೂಡಲೇ ನಿಮ್ಮ ಸರಣಿಗಳನ್ನು ಹೋಲಿಸಿ ನೋಡಿ, ತಕರಾರು ಸಲ್ಲಿಸಲು ಇರುವ ಅವಧಿ ಚಿಕ್ಕದು. ಆಮೇಲೆ ಅದೇ ದಿನ, ನೆನಪು ಹಸಿಯಾಗಿರುವಾಗ, ಒಂದು ಪುಸ್ತಕದಲ್ಲಿ ಬರೆದಿಡಿ: ಸೈಟನ್ನು ಎಷ್ಟು ಕ್ಲಿಕ್ ತಿರುಗಿಸಿದಿರಿ, ಬೆಳಕು ಹೇಗಿತ್ತು, ಯಾವ ಸರಣಿಯಲ್ಲಿ ಅವಸರವಾಯಿತು, ಎಷ್ಟು ಸಲ ತೋಳಿಳಿಸಬೇಕಿತ್ತು ಮತ್ತು ಎಷ್ಟು ಸಲ ಇಳಿಸಿದಿರಿ. ಮುಂದಿನ ತಿಂಗಳ ಅಭ್ಯಾಸವನ್ನು ಒಟ್ಟು ಅಂಕ ನೋಡಿ ಯೋಜಿಸುವುದಕ್ಕಿಂತ ಈ ನಾಲ್ಕು ಸಾಲು ನೋಡಿ ಯೋಜಿಸಿದರೆ ಹೆಚ್ಚು ಫಲ ಸಿಗುತ್ತದೆ.